ಅಜ್ಜ ಉಜ್ಜಿದ ಕಾಯಿಗಳು

ಪುಟ್ಟ ರೋಬೋಟುಗಳ ಸ್ಪರ್ಧೆ ನಡೆಯುವ ಸಭಾಂಗಣದ ಹೊರಗೆ ಸಾಲು ನಿಂತಿತ್ತು. ನನ್ನ ಮುಂದೆ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮುದುಕ ಬಡಗಿ ಮತ್ತು ಅವನ ಮಗಳು. ಅವಳ ಚೀಲದ ತುಂಬ ಮರದ ಕಾಯಿಗಳು; ಸ್ಪರ್ಧೆಯಲ್ಲಿ ರೋಬೋಟು ಹಿಡಿದೆತ್ತಬೇಕಾದ ಕಾಯಿಗಳಂತೆಯೇ ಮನೆಯ ಅಭ್ಯಾಸಕ್ಕೆಂದು ಮಾಡಿದವು.

“ಯಾಕಪ್ಪಾ ಮುಖ ಸಪ್ಪಗೆ? ನಿನ್ನ ಮೊಮ್ಮಗಳು ಮನೇಲಿ ಒಂದು ಕಾಯೀನೂ ಬೀಳಿಸ್ಲಿಲ್ವಲ್ಲ.”

“ಅದಕ್ಕೇ ಕಣಮ್ಮಾ ಭಯ.”

“ಅಂದ್ರೆ?”

“ಮೊದ್ಲು ಸರಿ ಅಳತೆಗೇ ಮಾಡಿದ್ದೆ. ಅವಳ ರೋಬೋಟಿನ ಕೈಯೊಳಗೆ ಕೂರ್ತಾನೇ ಇರ್ಲಿಲ್ಲ. ಮಗು ಊಟ ಬಿಟ್ಟು ಅಳ್ತಾ ಕೂತ್ಲು. ನೋಡಕ್ಕಾಗ್ದೆ ಎಲ್ಲಾನೂ ಒಂಚೂರು ಉಜ್ಜಿಬಿಟ್ಟೆ.”

“ಅಯ್ಯೋ! ಒಳಗೆ ಕೊಡೋದು ಸ್ಪರ್ಧೆಯವರದೇ ಕಾಯಿ ಅಲ್ವಾ?”

“ಹೂಂ. ಸರಿ ಅಳತೇದು.”

“ಅವಳಿಗೆ ಹೇಳಿದ್ಯಾ?”

“ದಿನಾ ಹೇಳೋಣ ಅಂತ್ಲೇ ಹೋಗ್ತಿದ್ದೆ. ‘ಅಜ್ಜಾ, ಹಿಡೀತು’ ಅಂತ ಕೊರಳಿಗೆ ಜೋತುಬೀಳ್ತಿದ್ಲು.”

“ಈಗ್ಲಾದ್ರೂ ಹೇಳಪ್ಪಾ.”

ಅಷ್ಟರಲ್ಲಿ ಹುಡುಗಿಯೇ ಒಳಗಿನಿಂದ ಓಡಿಬಂದು, ಅಜ್ಜನ ಕೈಹಿಡಿದು ಎಳೆದುಕೊಂಡು ಹೊರಟಳು. ಬಾಗಿಲು ದಾಟುವವರೆಗೂ ಅವಳ ಮಾತು ನನಗೆ ಕೇಳಿಸುತ್ತಿತ್ತು.

“ಬೇಗ ಬಾ ಅಜ್ಜಾ, ನೀನೇ ಅವರಿಗೆ ಹೇಳು. ಪಾಪ, ನಿನ್ನಷ್ಟು ಸರಿಯಾಗಿ ಮಾಡೋಕೆ ಅವರಿಗೆ ಬಂದಿಲ್ಲ. ಎಲ್ಲಾ ಕಾಯೀನೂ ಒಂಚೂರು ದಪ್ಪ.”