ಹೊತ್ತು ಮುಳುಗಿದ ಮೇಲೆ ಉಣ್ಣದ ಕಾಯ್ದೆ

ಸಭೆಯ ಅಧ್ಯಕ್ಷತೆ ವಹಿಸಿರುವ ಫಕೀರವ್ವನವರೇ, ನಮ್ಮ ಸನ್ಮಾನಕ್ಕೆ ಒಪ್ಪಿ ಬೆಳಗಾವಿಯಿಂದ ಖಾನಾಪುರದವರೆಗೆ ಬಂದಿರುವ ವಕೀಲ ಗುರುಪಾದಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ನಮ್ಮ ಮಹಿಳಾ ಮಂಡಳದ ಅಕ್ಕತಂಗಿಯರೇ, ಹೆಂಗಸರ ಕಾರ್ಯಕ್ರಮವೆಂದು ನಾಚಿ ಬಾಗಿಲಲ್ಲೇ ನಿಂತಿರುವ ಗಂಡಸರೇ, ಮತ್ತು ಎಲ್ಲ ಸಭಿಕರೇ,

ಮಂಡಳದ ಕಾರ್ಯದರ್ಶಿಯಾದ ನಾನು, ಜಿನಮತಿ, ವಕೀಲರ ಗುಣಗಾನ ಮಾಡಬೇಕೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಅವರು ಆಗಲೇ ಶಾಲಿನ ಅಂಚು ಎಣಿಸುತ್ತ ತಲೆ ತಗ್ಗಿಸಿದ್ದಾರೆ. ಆದ್ದರಿಂದ ಗುಣಗಾನವನ್ನು ನನ್ನ ನಂತರದವರಿಗೆ ಬಿಡುತ್ತೇನೆ. ಕಾಯ್ದೆಯ ಮಾತನ್ನು ಕಲಿಸುವ ಈ ಮಂಡಳ ಯಾಕೆ ಹುಟ್ಟಿತು ಎಂಬುದನ್ನಷ್ಟೇ ಹೇಳುತ್ತೇನೆ. ಅದರಲ್ಲಿ ವಕೀಲರೂ ಬರುತ್ತಾರೆ, ಸೂರ್ಯನೂ ಬರುತ್ತಾನೆ.

ನಮ್ಮ ಯಜಮಾನರನ್ನು ನೀವೆಲ್ಲ ಬಲ್ಲಿರಿ. ಇಗೋ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಈ ಸಭೆಯಲ್ಲಿರುವ ಅರ್ಧ ಜನರ ಮದುವೆಯ ಫೋಟೊ ತೆಗೆದವರು ಅವರೇ. ಯಾರ ಫೋಟೊದಲ್ಲಾದರೂ ಕಣ್ಣು ಮುಚ್ಚಿದ್ದರೆ ಆ ತಪ್ಪು ಕಣ್ಣಿನದು, ಕ್ಯಾಮರಾದ್ದಲ್ಲ ಎಂದು ಅವರು ಇಂದಿಗೂ ವಾದಿಸುತ್ತಾರೆ. ಎಪ್ಪತ್ತರ ದಶಕದ ನಡುವಿನಲ್ಲಿ ಪೇಟೆಯಲ್ಲಿ ಸ್ಟುಡಿಯೋ ತೆರೆದರು. ಅದಕ್ಕಾಗಿ ಬೆಳಗಾವಿಯ ಒಂದು ಖಾಸಗಿ ಫೈನಾನ್ಸಿನಲ್ಲಿ ಸಾಲ ತೆಗೆದರು. ಆ ಫೈನಾನ್ಸಿನ ಹೆಸರು ಹೇಳುವುದಿಲ್ಲ. ಈಗ ಅದೂ ಮುಚ್ಚಿದೆ. ಮೊದಲೆರಡು ವರ್ಷ ಕಂತು ಸರಿಯಾಗಿ ಹೋಯಿತು. ಅಷ್ಟರಲ್ಲಿ ಬೆಳಗಾವಿಗೆ ಬಣ್ಣದ ಫೋಟೊ ಬಂತು. ಮದುಮಗಳ ಹಸಿರು ಸೀರೆ ಹಸಿರಾಗಿಯೇ ಕಾಣುವಾಗ ನಮ್ಮ ಕಪ್ಪು ಬಿಳುಪಿನ ಕಡೆ ಯಾರು ಬರುತ್ತಾರೆ? ಕಂತು ತಪ್ಪಿತು. ತಪ್ಪಿದ್ದು ನಿಜ, ಸಾಲ ತೆಗೆದದ್ದೂ ನಿಜ. ಅದನ್ನು ನಾನು ಅಂದೂ ಅಲ್ಲಗಳೆಯಲಿಲ್ಲ, ಇಂದೂ ಅಲ್ಲಗಳೆಯುವುದಿಲ್ಲ.

ಕಂತು ತಪ್ಪಿದ ಮೇಲೆ ಬಂದವನು ಗುರುಸಿದ್ದ. ಫೈನಾನ್ಸಿನ ವಸೂಲಿಯವನು. ಎತ್ತರದ ಆಳು, ಖಾಕಿ ಅಂಗಿ, ದನಿ ಮಾತ್ರ ಸ್ಟೇಶನ್ನಿನ ಗಂಟೆ. ನಮ್ಮ ಓಣಿಯಲ್ಲಿ ಕನ್ನಡದವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಗುರುಸಿದ್ದ ಮೊದಲು ಕನ್ನಡದಲ್ಲಿ ಬೈಯುತ್ತಿದ್ದ, ಆಮೇಲೆ ಅದನ್ನೇ ಮರಾಠಿಯಲ್ಲಿ ಬೈಯುತ್ತಿದ್ದ. ಯಾರಿಗೂ ತಿಳಿಯದೆ ಹೋಗಬಾರದು ನೋಡಿ. ಸರಕಾರದ ಸುತ್ತೋಲೆಗಳೂ ಅಷ್ಟು ಶ್ರದ್ಧೆಯಿಂದ ಎರಡು ಭಾಷೆಯಲ್ಲಿ ಬರುವುದಿಲ್ಲ.

ಅವನು ಬರುವ ಹೊತ್ತೂ ಗೊತ್ತಾದದ್ದೇ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹಗಲೆಲ್ಲ ಎಲ್ಲೇ ತಿರುಗಲಿ, ಜೈನರ ಮನೆಯ ಗಂಡಸು ಸೂರ್ಯ ಇಳಿಯುವ ಮೊದಲು ತಾಟಿನ ಮುಂದೆ ಬಂದು ಕೂಡಲೇಬೇಕು. ಇದನ್ನು ಗುರುಸಿದ್ದ ಕಂಡುಕೊಂಡಿದ್ದ. ಒಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ಜೊತೆಯವನಿಗೆ ಹೇಳುತ್ತಿದ್ದ, "ಇವರನ್ನ ಹುಡುಕಾಕ ಊರೆಲ್ಲಾ ತಿರಗೂದು ಬ್ಯಾಡಪಾ. ಹೊತ್ತು ಮುಳುಗೂ ಮುಂದ ಬಂದು ಕುಂತ್ರ ಸಾಕು, ಊಟಕ್ಕ ಬಂದ ಬರ್ತಾರ." ನಮ್ಮ ವ್ರತವನ್ನು ನಮ್ಮ ಸ್ವಾಮಿಗಳಿಗಿಂತ ಚೆನ್ನಾಗಿ ನೆನಪಿಟ್ಟವನು ಅವನೇ.

ಅವನು ಬಾಯಿಗೆ ಬಂದದ್ದೆಲ್ಲ ಅನ್ನುತ್ತಿದ್ದ. ಆದರೆ ನಮ್ಮನ್ನು ಕೊಲ್ಲುತ್ತಿದ್ದದ್ದು ಒಂದೇ ಶಬ್ದ, 'ಜಪ್ತಿ'. "ನಾಳೆ ಜಪ್ತಿ ಮಾಡ್ತೇನಿ, ಕ್ಯಾಮರಾ ಜಪ್ತಿ, ತಾಟು ತಂಬಗಿ ಜಪ್ತಿ, ಹೇಣತಿ ಕೊಳ್ಳಾಗಿನ ಕರಿಮಣಿನೂ ಜಪ್ತಿ." ಆ ಶಬ್ದ ಕೇಳಿದರೆ ಅತ್ತೆಯವರು ತಾಟು ತಂಬಿಗೆಗಳನ್ನು ಹಿತ್ತಲಿಗೆ ಒಯ್ದಿಡುತ್ತಿದ್ದರು. ಜಪ್ತಿ ಎಂದರೇನು, ಯಾರು ಮಾಡಬಹುದು, ಹೇಗೆ ಮಾಡಬಹುದು? ನಮಗೆ ಗೊತ್ತಿರಲಿಲ್ಲ. ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಖಾಕಿ ಹಾಕಿದವರೆಲ್ಲ ಸರಕಾರದವರು ಎಂದೇ ನಾವು ತಿಳಿದಿದ್ದೆವು.

ಆಗ ನಮ್ಮ ಯಜಮಾನರು ಒಂದು ಜಾಣತನ ಮಾಡಿದರು. ಅವರು ಜಾಣರೇ, ಅನುಮಾನವಿಲ್ಲ. ಬೆಳಗಾವಿಗೆ ಹೋಗುವ ರೈಲಿನಲ್ಲಿ ಗುರುಪಾದಪ್ಪ ವಕೀಲರು ಸಿಕ್ಕರು. ಪರಿಚಯವೇನೂ ಇರಲಿಲ್ಲ, ಕಪ್ಪು ಕೋಟು ನೋಡಿ ಗುರುತು ಹಿಡಿದರು. ಬಾಜುವಿನಲ್ಲಿ ಕೂತು ಕೇಳಿದರು, "ವಕೀಲರ, ನಮ್ಮ ಗೆಳ್ಯಾರೊಬ್ಬರ ಮನಿ ಮಾತೈತ್ರಿ. ಜಪ್ತಿ ಮಾಡವರು ಹೊತ್ತು ಮುಳುಗಿದ ಮ್ಯಾಲೆ ಮನಿ ಒಳಗ ಬರಬಹುದೇನ್ರಿ?" ವಕೀಲರು, "ಇಲ್ರಿ, ಹೊತ್ತು ಮುಳುಗಿದ ಮ್ಯಾಲೆ ಬರೂಹಂಗಿಲ್ಲ. ಹಂಗ ಕಾಯ್ದೆ ಐತಿ" ಎಂದರು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ದೇಸೂರು ಸ್ಟೇಶನ್ ಬಂತು, ಜನ ಹತ್ತಿದರು, ಮಾತು ಅಲ್ಲಿಗೇ ನಿಂತಿತು.

ಯಜಮಾನರು ಮನೆಗೆ ಬಂದು ಹೇಳಿದಾಗ ಅತ್ತೆಯವರ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. "ಅಂದ್ರ ಕಾಯ್ದೇನೂ ನಮ್ಮಂಗ ಐತಿ ಅನ್ನು. ಹೊತ್ತು ಮುಳುಗಿದ ಮ್ಯಾಲೆ ಅದೂ ಉಣ್ಣೂದಿಲ್ಲ" ಎಂದರು. ಎಲ್ಲರೂ ನಕ್ಕೆವು. ಮಂಡಳದಲ್ಲಿ ಇಂದಿಗೂ ಆ ಮಾತು ಹೇಳಿ ನಗುತ್ತೇವೆ.

ಆದರೆ ಆ ಅರ್ಧ ಮಾತಿನಿಂದ ನಾವು ಕಟ್ಟಿಕೊಂಡ ಸಂಸಾರ ನೋಡಿ. ಹೊತ್ತು ಮುಳುಗಿದ ಮೇಲೆ ಬರಬಾರದು ಎಂದರೆ, ಹೊತ್ತು ಇರುವಾಗ ಬರಬಹುದು ಎಂದಾಯಿತಲ್ಲ? ಹಾಗೆಂದು ನಾವೇ ತೀರ್ಮಾನಿಸಿದೆವು. ಹಗಲೆಲ್ಲ ಬಾಗಿಲು ಹಾಕಿದೆವು. ಗುರುಸಿದ್ದ ಹೊರಗಿನಿಂದ ಬಾಗಿಲು ಬಡಿಯುವುದು, ಅತ್ತೆಯವರು ಒಳಗಿನಿಂದ ಕಿಂಡಿಯಲ್ಲಿ ಆಕಾಶ ನೋಡುವುದು. ಕೆಂಪು ಆರಿದ ಕೂಡಲೇ, "ಹೊತ್ತು ಮುಳುಗೇತಿ, ಇನ್ನ ನಡಿ, ಕಾಯ್ದೆ ಐತಿ" ಎಂದು ಕೂಗುವುದು. ಅವನಿಗೂ ಅದು ಬಾಯಿಪಾಠವಾಗಿ, ಅಷ್ಟು ಹೊತ್ತಿಗೆ ಎದ್ದು ಹೋಗುತ್ತಿದ್ದ.

ಯಜಮಾನರು ಸ್ಟುಡಿಯೋಕ್ಕೆ ಬೀಗ ಹಾಕಿ ಬೆಳಗಾವಿಯಲ್ಲಿ ಬೇರೆಯವರ ಡಾರ್ಕ್ ರೂಮಿನಲ್ಲಿ ಕೆಲಸಕ್ಕೆ ನಿಂತರು. ಸಂಜೆಯ ಮೊದಲ ರೈಲಿಗೆ ಬಂದರೆ ಊಟ ಸಿಗುತ್ತಿತ್ತು, ಗುರುಸಿದ್ದನೂ ಸಿಗುತ್ತಿದ್ದ. ಆದ್ದರಿಂದ ಅವರು ಎರಡನೆಯ ರೈಲಿಗೆ ಬರುತ್ತಿದ್ದರು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಬಂದು ಕೈಕಾಲು ತೊಳೆದು, ತಾಟಿನ ಕಡೆ ನೋಡದೆ ಮಲಗುತ್ತಿದ್ದರು. ಮಧ್ಯಾಹ್ನದ ಬುತ್ತಿಯೊಂದೇ ಊಟ. ಮಳೆಗಾಲ ಹೋಯಿತು, ಚಳಿಗಾಲ ಬಂತು. ಚಳಿಗಾಲದಲ್ಲಿ ಹೊತ್ತು ಇನ್ನೂ ಬೇಗ ಮುಳುಗುತ್ತದಲ್ಲ?

ಒಂದು ದಿನ ಬಂದು ಮಲಗಿದಾಗ ಅವರ ಉಸಿರಿನಲ್ಲಿ ಉಳ್ಳಾಗಡ್ಡಿಯ ವಾಸನೆ ಬಂತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಬೆಳಗಾವಿಯ ಯಾವುದೋ ಖಾನಾವಳಿಯಲ್ಲಿ, ದೀಪ ಹಚ್ಚಿದ ಮೇಲೆ, ಉಂಡು ಬಂದಿದ್ದರು. ನಾನು ಗೋಡೆಯ ಕಡೆ ಹೊರಳಿದೆ. ಆಮೇಲೆ ನಾವಿಬ್ಬರೂ ಬಹಳ ದಿನ ಬೇಕಾದಷ್ಟೇ ಮಾತಾಡಿದೆವು. ಕ್ಷಮಿಸಿ, ಇದು ಅವರ ಮಾತು, ನಾನು ಮೈಕಿನಲ್ಲಿ ಹೇಳಬಾರದಿತ್ತು. ಹಸಿದವನು ಉಂಡದ್ದರಲ್ಲಿ ಪಾಪ ಯಾರದು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಮನೆಯ ಗಂಡಸು ಉಣ್ಣದೆ ಮಲಗಿದರೆ ಮನೆಯ ಹೆಂಗಸು ಉಂಡಿದ್ದಾಳೆಯೇ ಎಂದು ಯಾರು ಕೇಳುತ್ತಾರೆ? ಗಂಡ ಉಣ್ಣುವ ಮೊದಲು ಉಣ್ಣಬಾರದೆಂದು ನಾನು ಅವರಿಗಾಗಿ ಕಾಯುತ್ತಿದ್ದೆ. ಕಾಯುವುದರೊಳಗೆ ಹೊತ್ತು ಮುಳುಗುತ್ತಿತ್ತು. ಅತ್ತೆಯವರಿಗೆ, ನನ್ನ ಊಟವಾಯಿತು ಎನ್ನುತ್ತಿದ್ದೆ. ಆಗ ನಾನು ಬಸುರಿ, ಇನ್ನೂ ನಾಲ್ಕೇ ತಿಂಗಳು. ಉಳಿಯಲಿಲ್ಲ. ಡಾಕ್ಟರು ನಿಶ್ಶಕ್ತಿ ಎಂದರು.

ಒಂದು ಗುಟುಕು ನೀರು ಕುಡಿಯುತ್ತೇನೆ. ಇದು ನಾನು ಬರೆದುಕೊಂಡು ಬಂದ ಮಾತಲ್ಲ.

ಆಸ್ಪತ್ರೆಯಿಂದ ಎದ್ದ ಮೇಲೆ ನನಗೆ ಸಿಟ್ಟು ಬಂತು. ಗುರುಸಿದ್ದನ ಮೇಲಲ್ಲ, ಯಜಮಾನರ ಮೇಲೂ ಅಲ್ಲ, ಆ 'ಗೆಳ್ಯಾರೊಬ್ಬರ' ಮೇಲೆ. ಯಾರು ಆ ಗೆಳೆಯ? ಅವನ ಮನೆ ಎಲ್ಲಿದೆ? ನಾನೇ ರೈಲು ಹತ್ತಿ ಬೆಳಗಾವಿಗೆ ಹೋದೆ, ಕೋರ್ಟಿನ ಬಾಜುವಿನಲ್ಲಿ ವಕೀಲರ ಆಫೀಸು ಹುಡುಕಿದೆ. ವಕೀಲರು ಕೇಳಿದರು, "ಯಾರ ಸಾಲರೀ ತಂಗಿ ಇದು?" ಗಂಡನ ಹೆಸರನ್ನು ನಾನು ಅದುವರೆಗೆ ಬಾಯಿಬಿಟ್ಟು ಅಂದವಳಲ್ಲ. ಮದುವೆಯ ದಿನ ಒಗಟಿನಲ್ಲಿ ಹೇಳಿದ್ದೇ ಕೊನೆ. ಅಂದು ಹೇಳಿದೆ, "ಪಾರೀಸ. ನನ್ನ ಗಂಡ. ನಮ್ಮ ಮನಿ ಸಾಲರೀ." ಅಷ್ಟು ಅಂದ ಮೇಲೆ ಉಳಿದದ್ದನ್ನು ಹೇಳುವುದು ಕಷ್ಟವಾಗಲಿಲ್ಲ.

ವಕೀಲರು ಎಲ್ಲ ಕೇಳಿ ಕನ್ನಡಕ ತೆಗೆದರು. "ಹೊತ್ತು ಮುಳುಗೂ ಮಾತು ಕೋರ್ಟಿನ ಬೇಲಿಫನಿಗೆ ತಂಗಿ. ದಾವಾ ನಡದು, ತೀರ್ಪಾಗಿ, ಹುಕುಂ ಹಿಡಕೊಂಡು ಬರ್ತಾನಲ್ಲ, ಅಂವಗ. ನಿಮ್ಮ ಮ್ಯಾಲೆ ದಾವಾನ ಆಗಿಲ್ಲ. ಈ ಮನಶ್ಯಾ ಕೋರ್ಟಿನಾಂವ ಅಲ್ಲ. ಇಂವ ಹಗಲೂ ಬರೂಹಂಗಿಲ್ಲ, ರಾತ್ರೀನೂ ಬರೂಹಂಗಿಲ್ಲ" ಎಂದರು. ಕೋರ್ಟಿನವನೇ ಬಂದರೂ ಅಡಿಗೆಯ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಕರಿಮಣಿ, ಇವನ್ನು ಮುಟ್ಟುವಂತಿಲ್ಲವೆಂದೂ ಹೇಳಿದರು. ಹೆದರಿಸುವುದು, ಮನೆಗೆ ನುಗ್ಗುವುದು ಅಪರಾಧ, ಪೋಲೀಸರಿಗೆ ಅರ್ಜಿ ಕೊಡಬಹುದು ಎಂದರು. ಕೊನೆಗೆ ಇನ್ನೊಂದು ಮಾತೂ ಹೇಳಿದರು, "ಆದ್ರ ಸಾಲ ಮುಟ್ಟಸೂದು ಮುಟ್ಟಸಬೇಕ್ರಿ ಮತ್ತ. ಸಾಲ ಖರೇ ಐತಿ." ಆ ಮಾತಿಗಾಗಿಯೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಎಷ್ಟು ಫೀ ಎಂದು ಕೇಳಿದ್ದಕ್ಕೆ, "ರೈಲಿನ್ಯಾಗ ಅರ್ಧಾ ಹೇಳಿದ್ನೆಲ್ಲ, ಇದು ಅದರ ಉಳದಿದ್ದು" ಎಂದರು.

ಮರುದಿನ ಯಜಮಾನರಿಗೆ ಮೊದಲ ರೈಲಿಗೇ ಬರಬೇಕೆಂದು ಹೇಳಿದೆ. ಬಂದರು. ಬಣ್ಣಗೆಟ್ಟ ಮುಖದಲ್ಲೇ ಬಂದರು. ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಮಣೆ ಹಾಕಿ ತಾಟು ಇಟ್ಟೆ. ಎರಡೂ ಕದ ತೆರೆದು ಹೊಸ್ತಿಲ ಒಳಗೆ ನಿಂತೆ. ಗುರುಸಿದ್ದ ಬಂದ. ತೆರೆದ ಬಾಗಿಲು ನೋಡಿ ಅವನೇ ಒಂದು ಕ್ಷಣ ಗಾಬರಿಯಾದ.

"ಇವತ್ತ ಜಪ್ತಿ ನೋಡ್ರಿ" ಎಂದು ಕಾಲೆತ್ತಿದ.

"ಕೋರ್ಟಿನ ಹುಕುಂ ತೋರಸ್ರಿ" ಎಂದೆ.

"ಸಾವುಕಾರ್ರ ಹುಕುಂ ಐತಿ."

"ಸಾವುಕಾರ್ರ ಹುಕುಂ ನಿಮ್ಮ ಮ್ಯಾಲೆ ನಡೀತೈತಿ. ನಮ್ಮ ಹೊಸ್ತಲ ಮ್ಯಾಲೆ ನಡ್ಯೂದಿಲ್ಲ."

ಅವನು ಆಕಾಶ ನೋಡಿದ. ಖರೇ ಹೇಳುತ್ತೇನೆ, ತಲೆ ಎತ್ತಿ ಸೂರ್ಯನನ್ನು ನೋಡಿದ. "ಹೊತ್ತು ಇನ್ನೂ ಐತೆಲ್ಲರೀ ಅಕ್ಕಾರ. ಬರಬಹುದು. ನಿಮ್ಮ ಅತ್ತೇರ ದಿನಾ ಹೇಳತಿದ್ರು." ಪಾಪ, ನಮ್ಮ ತಪ್ಪು ಕಾಯ್ದೆಯನ್ನು ನಂಬಿ ನಡೆದವನು ಅವನೊಬ್ಬನೇ.

"ಹೊತ್ತಿನ ಮಾತು ಕೋರ್ಟಿನವರಿಗೆ. ನಿಮಗ ಹಗಲೂ ಇಲ್ಲ, ರಾತ್ರೀನೂ ಇಲ್ಲ. ಕಾಲಿಟ್ರ ನಾಳೆ ಪೋಲೀಸರ ಕಡೆ ಅರ್ಜಿ ಹೋಗತೈತಿ" ಎಂದೆ. ಅಕ್ಕಪಕ್ಕದವರು ಹೊರಗೆ ಬಂದಿದ್ದರು. ಅದಕ್ಕೆ ಹುಕುಂ ತೋರಿಸುವ ಮಾತನ್ನು ಮರಾಠಿಯಲ್ಲೂ ಹೇಳಿದೆ, "ಕೋರ್ಟಾಚಾ ಹುಕೂಮ್ ದಾಖವಾ." ಎರಡು ಭಾಷೆಯ ಪಾಠ ಅವನೇ ಕಲಿಸಿದ್ದನಲ್ಲ.

ಎತ್ತಿದ ಕಾಲು ಕೆಳಗಿಳಿಯಿತು, ಹೊಸ್ತಿಲ ಆಚೆಗೆ. ನಾನು ಹಿಂದೆ ತಿರುಗಿ, "ಉಣ್ರಿ" ಎಂದೆ. ಅವರು ಒಮ್ಮೆ ತೆರೆದ ಬಾಗಿಲ ಕಡೆ ನೋಡಿ ರೊಟ್ಟಿ ಮುರಿದರು. ಆಮೇಲೆ ಉಂಡರು. ಎರಡನೆಯ ರೊಟ್ಟಿ ಹಾಕಿದೆ, ಬೇಡ ಎನ್ನಲಿಲ್ಲ. ನಾನು ಅಂದು ಅಳಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ. ಅವರ ಊಟ ಮುಗಿದ ಮೇಲೆ ಅದೇ ತಾಟಿನಲ್ಲಿ ನಾನೂ ಉಂಡೆ, ಬೆಳಕು ಇರುವಾಗಲೇ.

ಅಷ್ಟೂ ಹೊತ್ತು ಗುರುಸಿದ್ದ ಕಟ್ಟೆಯ ಮೇಲೆ ಕೂತಿದ್ದ. ಜೊತೆಯವನು ಎದ್ದು ಹೋಗಿದ್ದ. ಅತ್ತೆಯವರು ರೂಢಿಯಂತೆ ಬೆಲ್ಲ ನೀರು ಇಟ್ಟರು. ಕಟ್ಟೆಯ ಮೇಲೆ ಕೂತವನು ವಸೂಲಿಯವನಾದರೇನು? ನೀರು ಕುಡಿದು, ಆ ಗಂಟೆಯಂಥ ದನಿಯನ್ನು ಎಲ್ಲೋ ಇಳಿಸಿ ಅವನು ಹೇಳಿದ, "ಅಕ್ಕಾರ, ನಮ್ಮ ಮನಿಗೂ ಬ್ಯಾರೆ ಸಾವುಕಾರನ ಮಂದಿ ಬರ್ತಾರ್ರೀ. ಹೇಣತಿ ಹಿತ್ತಲದಾಗ ಅಡಗಿ ಕುಂದರತಾಳ. ಆ ಹುಕುಂದ ಮಾತು ಇನ್ನೊಮ್ಮೆ ಹೇಳ್ರೆಲ್ಲ."

ಹೇಳಿದೆ. ಹೊಸ್ತಿಲ ಈಚೆ ನಿಂತು ನಾನು, ಆಚೆ ನಿಂತು ಅವನು. ಅಕ್ಕತಂಗಿಯರೇ, ನಮ್ಮ ಮಂಡಳ ಹುಟ್ಟಿದ್ದು ಆ ದಿನ. ವರದಿಯಲ್ಲಿ ಬೇರೆ ತಾರೀಖು ಇದೆ, ಇರಲಿ. ಸಾಲವನ್ನು ಮನಿಯಾರ್ಡರಿನಲ್ಲಿ ಕಂತಾಗಿ ಕಳಿಸಿ, ರಸೀದಿ ತೆಗೆದು ತೀರಿಸಿದೆವು. ಕೊಡಬೇಕಾದದ್ದನ್ನು ಕೊಟ್ಟೆವು. ಕೊಡಬೇಕಾಗಿಲ್ಲದ್ದನ್ನು ಮಾತ್ರ ಮೊದಲೇ ಕೊಟ್ಟಾಗಿತ್ತು, ಅದಕ್ಕೆ ರಸೀದಿ ಇಲ್ಲ.

ಕಾಯ್ದೆ ಕೇಳಿದಷ್ಟಕ್ಕೇ ಉತ್ತರ ಕೊಡುತ್ತದೆ. ನಾಚಿಕೆ ಪಟ್ಟು ಗೆಳೆಯನ ಹೆಸರಿನಲ್ಲಿ ಅರ್ಧ ಕೇಳಿದರೆ ಅರ್ಧ ಉತ್ತರ ಬರುತ್ತದೆ, ಆ ಅರ್ಧದಲ್ಲಿ ಮನೆ ಹಸಿದು ಮಲಗುತ್ತದೆ. ವಕೀಲರ ಮುಂದೆ, ನಮ್ಮ ಮಂಡಳದ ಮುಂದೆ, ನಿಮ್ಮ ಮನೆಯದನ್ನು ನಿಮ್ಮ ಮನೆಯದೆಂದೇ ಹೇಳಿ.

ಇನ್ನೂ ಹೇಳುವುದಿತ್ತು. ಆದರೆ ಆ ಪಡುವಣ ಕಿಟಕಿಯ ಬಿಸಿಲು ವಕೀಲರ ಶಾಲಿನಿಂದ ಗೋಡೆಗೆ ಏರಿದೆ. ಮುಂದಿನ ಸಾಲಿನಲ್ಲಿ ಕೂತ ನಮ್ಮ ಯಜಮಾನರು ಆಗಿನಿಂದ ಅದನ್ನೇ ನೋಡುತ್ತಿದ್ದಾರೆ, ಏಳಲು ಸಂಕೋಚ. ಅಧ್ಯಕ್ಷರೇ, ಇನ್ನೂ ಭಾಷಣಗಳಿವೆ, ಸಭೆ ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ. ಆದ್ದರಿಂದ ತಮ್ಮ ಅಪ್ಪಣೆ ಪಡೆದು ಒಂದು ಮಾತು ಅವರಿಗೆ ಹೇಳಿಬಿಡುತ್ತೇನೆ.

ಏಳ್ರಿ. ಹಿಂದಿನ ಕೋಣ್ಯಾಗ ತಾಟು ಹಾಕಸೇನಿ, ನಂದೂ ಹಾಕಸೇನಿ. ಬಾಗಲಾ ತಗದ ಐತಿ.

ಇಷ್ಟು ಹೊತ್ತು ಸಹನೆಯಿಂದ ಕೇಳಿದ ನಿಮಗೆಲ್ಲ, ಉಳಿದರ್ಧ ಹೇಳಿದ ವಕೀಲರಿಗೆ, ನನ್ನ ಕೃತಜ್ಞತೆಗಳು. ನಮಸ್ಕಾರ.