ಹಗೇವಿನಲ್ಲಿದ್ದ ಹನ್ನೊಂದು ರೀಲು

ನನ್ನ ಹೆಸರು ಚೆನ್ನಕೇಶವ, ತಂದೆ ನಾರಾಯಣಪ್ಪ, ವಯಸ್ಸು 23. ಮೂಕಂಡಪಲ್ಲಿಯ ಜಯರಾಮಯ್ಯನವರ ವಿಡಿಯೊ ಅಂಗಡಿಯಲ್ಲಿ ಜನರಿಗೆ ಟಿ.ವಿ.ಯಲ್ಲಿ ಚಿತ್ರ ತೋರಿಸಲು ಕ್ಯಾಸೆಟ್ ಹಾಕುವ ಕೆಲಸ. ವಾಸ ಸೂಳಗಿರಿ ಬಸ್ ನಿಲ್ದಾಣದಿಂದ ಎರಡು ಕಿಲೋಮೀಟರ್ ದೂರದಲ್ಲಿರುವ ನನ್ನ ಅಜ್ಜಿ ಅಕ್ಕಯಮ್ಮನವರ ಮನೆ. ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಠಾಣೆಯ ಭಾಷೆಯಾದ ತಮಿಳನ್ನು ಓದುತ್ತೇನೆ, ಬರೆದರೆ ತಪ್ಪಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಸುತ್ತಿದ್ದೇನೆ. ಈ ಮೂಲಕ ಠಾಣೆಗೆ ತಿಳಿಸುವುದೇನೆಂದರೆ, ಶ್ಯಾಮಣ್ಣನವರು ಕದ್ದಿದ್ದಾರೆಂದು ದೂರು ಬಂದಿರುವ ಫಿಲಂ ರೀಲುಗಳನ್ನು ಬಚ್ಚಿಟ್ಟವನು ನಾನು. ಒಂಬತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ಶ್ಯಾಮಣ್ಣನವರಿಗೂ ಹೇಳಿಲ್ಲ.

1977ನೇ ಇಸವಿಯಲ್ಲಿ ಸೂಳಗಿರಿಯ ಟೆಂಟ್ ಟಾಕೀಸಿನಲ್ಲಿ ಶ್ಯಾಮಣ್ಣನವರು ಆಪರೇಟರ್, ನಾನು ರೀಲು ಹಿಂದಕ್ಕೆ ಸುತ್ತುವವನು. ಕರಾರು ಮುಗಿದ ಕಪ್ಪುಬಿಳುಪು ಪ್ರಿಂಟನ್ನು ಕೊಡಲಿಯಿಂದ ಕಡಿದು, ಫಿಲಮಿನಲ್ಲಿರುವ ಬೆಳ್ಳಿ ತೆಗೆಯುವವರಿಗೆ ಕಳಿಸುವುದು ಆಗಿನ ಪದ್ಧತಿ. ಡಬ್ಬಿಯ ಮುಚ್ಚಳ ತೆಗೆದು ಸುರುಳಿಗೆ ಒಂದೊಂದು ಏಟು ಹಾಕುತ್ತಾರೆ, ಬಿಚ್ಚಿ ಯಾರೂ ನೋಡುವುದಿಲ್ಲ. ಕಡಿದಾಯಿತು ಎಂದು ಆಪರೇಟರ್ ರುಜು ಮಾಡಬೇಕು. ದೂರಿನಲ್ಲಿ ಹೇಳಿರುವ ಚಿತ್ರದ ಹದಿನಾಲ್ಕು ರೀಲಿಗೆ ಮೇ 17ರ ಬೆಳಿಗ್ಗೆ ಹತ್ತಕ್ಕೆ ಕೊಡಲಿ ಏಟು ಎಂದು ನಿಗದಿಯಾಗಿತ್ತು. ನಾನು ಆ ಚಿತ್ರವನ್ನು ಇಪ್ಪತ್ತೊಂದು ಸಲ ನೋಡಿದ್ದೆ. ಹಿಂದಿನ ದಿನ ಮಧ್ಯಾಹ್ನ, ಟೆಂಟಿನಲ್ಲಿ ಬಿದ್ದಿದ್ದ ಜಾಹೀರಾತು ಮತ್ತು ವಾರ್ತಾಚಿತ್ರಗಳ ತುಂಡುಗಳನ್ನು ಸುತ್ತಿ, ಆ ಚಿತ್ರದ ರೀಲು ತೆಗೆದು ಅದರ ಡಬ್ಬಿಗಳಲ್ಲಿಟ್ಟೆ. ಹನ್ನೊಂದಕ್ಕೆ ಸಾಕಾಯಿತು. ಯಾವ ಮೂರನ್ನು ಕಡಿಯಲು ಕೊಡುವುದೆಂದು ಆರಿಸಲು ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಮೂರು, ಎಂಟು, ಹದಿಮೂರನೇ ರೀಲುಗಳನ್ನು ಕೊಟ್ಟೆ. ಉಳಿದವನ್ನು ಟೆಂಟಿನ ಖಾಲಿ ಡಬ್ಬಿಗಳಿಗೆ ಹಾಕಿ, ಗೋಣಿಯಲ್ಲಿ ಸುತ್ತಿ ಅಜ್ಜಿಯ ಹಗೇವಿಗೆ, ಅಂದರೆ ರಾಗಿ ತುಂಬುವ ನೆಲದೊಳಗಿನ ಗುಂಡಿಗೆ, ಇಳಿಸಿದೆ. ಟೆಂಟಿನ ಸಾಮಾನು ಎಂದು ಅಜ್ಜಿಗೆ ಹೇಳಿದೆ. ಮೇಲೆ ರಾಗಿ ಸುರಿದರು. ಮರುದಿನ ಶ್ಯಾಮಣ್ಣನವರು ಕಡಿದರು, ರುಜು ಹಾಕಿದರು, ಆ ದಿನ ಊಟ ಮಾಡಲಿಲ್ಲ.

ಈ ತಿಂಗಳ 2ನೇ ತಾರೀಕು ಭಾನುವಾರ ನಮ್ಮ ಅಂಗಡಿಗೆ ಅದೇ ಚಿತ್ರದ ಕ್ಯಾಸೆಟ್ ಬಂತು. ಶ್ಯಾಮಣ್ಣನವರು ಹದಿನೆಂಟು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕುಳಿತರು. ಮಧ್ಯಾಹ್ನ 2.30ಕ್ಕೆ ಹಾಕಿದೆ. ಚಿತ್ರ ಗಂಜಿಯ ತಿಳಿಯಂತೆ ಇತ್ತು. ಕತ್ತಲ ದೃಶ್ಯಗಳಲ್ಲಿ ಮಾತು ಕೇಳುತ್ತಿತ್ತು, ಯಾರೂ ಕಾಣುತ್ತಿರಲಿಲ್ಲ. ಅಂಚುಗಳು ಕತ್ತರಿಸಿಹೋಗಿದ್ದವು. ಬಾವಿಕಟ್ಟೆಯಲ್ಲಿ ಸೊಸೆ ಅತ್ತೆಯ ಜೊತೆ ಮಾತಾಡುವಾಗ ಅತ್ತೆ ಅಂಚಿನಾಚೆ ಉಳಿದಿದ್ದರಿಂದ, ಸೊಸೆಗೆ ಹುಚ್ಚು ಎಂದು ತಿಳಿದು ಜನ ನಕ್ಕರು. ಜಯರಾಮಯ್ಯನವರು, "ಏನ್ ಶ್ಯಾಮಣ್ಣ, ಮೂವತ್ತು ವರ್ಷ ಟೆಂಟಲ್ಲಿ ಈ ಮಸಿಅರಿವೇನೇನಾ ನೀನು ಒಗ್ದು ಒಣಾಕಿದ್ದು?" ಎಂದರು. ಶ್ಯಾಮಣ್ಣನವರು ಎದ್ದು ಹೊರಟರು. ಬಸ್ಸಿನ ಹತ್ತಿರ ನನಗೆ, "ಆ ಚಿತ್ರದಾಗೆ ಬೆಳದಿಂಗಳು ಇತ್ತು ಅಂತ ಊರಿಗೆಲ್ಲಾ ಯೋಳ್ಕಂಡು ತಿರುಗ್ದೆ ಕಣ್ಲಾ. ನನ್ ಕಣ್ಣೇ ಸುಳ್ಳು ಯೋಳ್ತೇನೋ" ಎಂದರು. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

8ನೇ ತಾರೀಕು ಬೆಳಿಗ್ಗೆ ಆರಕ್ಕೆ ಹಗೇವಿನ ಬಾಯಿಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟೆ. 9ರ ಬೆಳಿಗ್ಗೆ ಲಾಟೀನು ಇಳಿಬಿಟ್ಟೆವು. ಅಜ್ಜಿ, "ದೀಪ ಆರಿದ್ರೆ ಇಳೀಬ್ಯಾಡ, ನಿಮ್ ದೊಡ್ಡಪ್ಪ ಹಂಗೇ ಹೋಗಿದ್ದು" ಎಂದರು. ದೀಪ ಆರಲಿಲ್ಲ. ಹನ್ನೆರಡು ಅಡಿ ಇಳಿದು, ರಾಗಿ ತೆಗೆದು, ಹನ್ನೊಂದು ಡಬ್ಬಿಗಳನ್ನು ಮೇಲೆ ತಂದೆ. ತುಕ್ಕು ಹಿಡಿದಿರಲಿಲ್ಲ. ಫಿಲಮಿಗೆ ರಾಗಿಯ ವಾಸನೆ ಬರುತ್ತಿತ್ತು.

ಟೆಂಟಿನ ಹಳೆಯ ಪ್ರೊಜೆಕ್ಟರ್ ಶ್ಯಾಮಣ್ಣನವರ ರೇಷ್ಮೆಹುಳದ ಮನೆಯಲ್ಲಿದೆ, ಡಬ್ಬಿಗಳನ್ನು ಅಲ್ಲಿಗೆ ಒಯ್ದೆ. ಜಯರಾಮಯ್ಯನವರನ್ನೂ ನಾನೇ ಕರೆದಿದ್ದೆ. ಕಿಟಕಿಗಳಿಗೆ ಗೋಣಿ ಕಟ್ಟಿ, ಅಂದೇ ಮಧ್ಯಾಹ್ನ ಮೂರಕ್ಕೆ ಸುಣ್ಣದ ಗೋಡೆಯ ಮೇಲೆ ಬಿಟ್ಟೆವು. ಧ್ವನಿಯ ಪೆಟ್ಟಿಗೆ ಕೆಟ್ಟಿತ್ತು. ಸುಮಾರು ನಲವತ್ತು ಜನ ಇದ್ದರು. ಬಾವಿಕಟ್ಟೆಯಲ್ಲಿ ಅತ್ತೆ ನಿಂತಿದ್ದಳು. ಸೊಸೆ ಸೇದುವ ಹಗ್ಗದಿಂದ ತೊಟ್ಟಿಕ್ಕುವ ಒಂದೊಂದು ಹನಿಯೂ ಬೇರೆಬೇರೆಯಾಗಿ ಕಂಡಿತು. ಕಪ್ಪಿನೊಳಗೆ ಕಪ್ಪು ಸೀರೆ ಕಂಡಿತು, ಸೀರೆಯ ಮೇಲೆ ತೇಪೆ ಕಂಡಿತು. ಬೆಳದಿಂಗಳು ಕಂಡಿತು. ಹನುಮಕ್ಕ ಎಂಬ ಮುದುಕಿ ಗೋಡೆಗೆ ಕೈಮುಗಿದರು. ರೀಲು ಮುಗಿದಾಗ ಜಯರಾಮಯ್ಯನವರು ಎದ್ದುಹೋಗಿ ಗೋಡೆಯನ್ನು ಮುಟ್ಟಿ ನೋಡಿದರು. ರೀಲುಗಳನ್ನು ಎಲ್ಲಿಂದ ತಂದೆ ಎಂದು ಶ್ಯಾಮಣ್ಣನವರು ನನ್ನನ್ನು ಕೇಳಲಿಲ್ಲ. "ಮುಂದಿನ ರೀಲು ಏರ್ಸಲಾ" ಎಂದಷ್ಟೇ ಹೇಳಿದರು.

10ರ ಬೆಳಿಗ್ಗೆ ಒಂಬತ್ತಕ್ಕೆ ಜಯರಾಮಯ್ಯನವರು ಬೆಂಗಳೂರಿನ ಹಂಚಿಕೆದಾರರಿಗೆ ಫೋನು ಮಾಡಿ, ಸೂಳಗಿರಿಯ ಶ್ಯಾಮಣ್ಣನ ಹತ್ತಿರ ಒಳ್ಳೆಯ ಪ್ರಿಂಟ್ ಇದೆ, ಅದರಿಂದ ಹೊಸ ಕ್ಯಾಸೆಟ್ ಮಾಡಿರೆಂದು ಕೇಳಿಕೊಂಡರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಮಧ್ಯಾಹ್ನ ಹಂಚಿಕೆದಾರರ ಕಡೆಯವರು 1977ರ ರುಜುವಿನ ಕಾಗದ ಹಿಡಿದು ಬಂದು ದೂರು ಕೊಟ್ಟರು. ನಾಲ್ಕೂವರೆಗೆ ಶ್ಯಾಮಣ್ಣನವರನ್ನು ಠಾಣೆಗೆ ಕರೆತಂದರು. ಅವರ ವಯಸ್ಸು 61.

ತಾನೇ ಬಚ್ಚಿಟ್ಟೆನೆಂದು ಅವರು ಒಪ್ಪಿಕೊಂಡಿದ್ದಾರೆ ಎಂದು ಈ ಬೆಳಿಗ್ಗೆ ತಿಳಿಯಿತು. ಅದು ನಿಜವಲ್ಲ. ಎಲ್ಲಿ ಬಚ್ಚಿಟ್ಟಿರೆಂದು, ಬದಲಿಗೆ ಏನಿಟ್ಟಿರೆಂದು, ಮೂರು ರೀಲು ಏಕೆ ಇಲ್ಲವೆಂದು ಅವರನ್ನು ಕೇಳಬೇಕು, ಅವರಿಗೆ ಗೊತ್ತಿರುವುದಿಲ್ಲ. ನಾನು ಹಗೇವನ್ನು ತೋರಿಸುತ್ತೇನೆ. ಠಾಣೆಯ ಬಾಗಿಲಲ್ಲಿ ಅವರು ನನಗೆ, "ನಿಂಗೇನ್ಲಾ ಬಂತು, ನಾನು ನೋಡಿದ್ದಾಯ್ತು, ಮನೇಗೋಗು" ಎಂದರು. ನಾನು ಹೋಗಲಿಲ್ಲ. ತಪ್ಪಾಯಿತೆಂದೂ ಬರೆಸುವಂತೆ, ಇದನ್ನು ಬರೆದುಕೊಳ್ಳುತ್ತಿರುವ ಬರಹಗಾರರು ಹೇಳಿದರು. ಮಾಡಿದ್ದನ್ನು ಬರೆಸಿದ್ದೇನೆ. ತಪ್ಪಾಯಿತು ಎಂಬ ಮಾತನ್ನು ಬರೆಸಿದರೆ ಸುಳ್ಳಾಗುತ್ತದೆ.

ಮೇಲಿನದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಇದನ್ನು ಬರೆಸಿದ ಮೇಲೆ ಶ್ಯಾಮಣ್ಣನವರನ್ನು ಇಂದು ಸಂಜೆ 5.10ಕ್ಕೆ ಮನೆಗೆ ಕಳುಹಿಸಿದರು. ನನ್ನನ್ನು ಕೃಷ್ಣಗಿರಿ ಕೋರ್ಟಿಗೆ ಹಾಜರುಪಡಿಸಬೇಕಂತೆ. ನಾಳೆ ಬೆಳಿಗ್ಗೆ 6.40ರ ಬಸ್ಸಿಗೆ ಪೇದೆಯೊಬ್ಬರ ಜೊತೆ ಹೊರಡುತ್ತೇನೆ.

ಸ್ಥಳ: ಸೂಳಗಿರಿ
ತಾರೀಕು: 11-11-1986
ರುಜು: ನಾ. ಚೆನ್ನಕೇಶವ