ಹಲ್ಲಿ ನುಡಿದ ಮಾತು

...ತೆಗೀಬ್ಯಾಡ ಶಿವಬಸಮ್ಮ, ಆ ಜಾಲರಿ ಕಪಾಟಿನ ಬಾಗಲಾ ಹಂಗಾ ಇರ್ಲಿ. ಒಂದು ಹಲ್ಲಿ ಅಂತೂ ಆಗಲೇ ಬಾಲ ಕಳಕಂಡೈತಿ. ಬಸ್ಸಿನ್ಯಾಗ. ನಿಮ್ಮೂರು ಕುರುಗೋಡಿಂದ ಬಳ್ಳಾರಿಗೆ ಬರೋ ರಸ್ತಾ ಹೆಂಗೈತಿ ಅಂತ ನಿನಗ ಹೇಳಬೇಕೇನು? ಡಾಲ್ಡಾ ಡಬ್ಬಿ ತೊಡಿ ಮ್ಯಾಲ ಇಟ್ಕಂಡು ಕುಂತಿದ್ದೆ. ಕಂಡಕ್ಟರ್ ‘ಏನಮ್ಮಾ ಅದು’ ಅಂದ. ‘ಬೀಗರ ಮನಿ ತುಪ್ಪ’ ಅಂದೆ. ತುಪ್ಪದ ಡಬ್ಬಿ ಮುಚ್ಚಳಕ್ಕ ಮೊಳಿ ಹೊಡದು ಯಾಕ ತೂತು ಮಾಡೀರಿ ಅಂತ ಅವ ಕೇಳಲಿಲ್ಲ, ಪುಣ್ಯಾತ್ಮ.

ನಗಾಕ ಹತ್ತಿದೇನು? ಇಲ್ಲಾ? ನಕ್ಕಂಗ ಕಾಣಿಸ್ತು ನೋಡು. ನಕ್ಕರ ಏನೂ ತಪ್ಪಿಲ್ಲ. ಸೊಸಿ ಅತ್ತಿ ಮುಂದ ಹಲ್ಲು ಕಾಣಿಸಬಾರದು ಅನ್ನಾಕ ನಾ ಏನು ನಮ್ಮತ್ತಿ ಅಲ್ಲ.

ನಿನಗೋಸ್ಕರಾನ ತಂದೀನಿ. ಮೂರು ದಿನದಿಂದ ನಿನ್ನ ಊಟದ ಗಂಗಾಳ ಹಂಗಾ ವಾಪಸ್ ಬರತೈತಿ, ಬಾಯಾಗ ಮಾತಿಲ್ಲ. ಆಡಿದ್ದು ಒಂದಾ ಒಂದು, ‘ಅತ್ತೀ, ಈ ಮನ್ಯಾಗ ಹಲ್ಲೀನೂ ಇಲ್ಲ’ ಅಂತ. ಹೊಸಾ ಮನಿ ತಾಯಿ, ಸುಣ್ಣದ ವಾಸನಿ ಇನ್ನೂ ಹೋಗಿಲ್ಲ, ಹಲ್ಲಿ ಎಲ್ಲಿಂದ ಬರಬೇಕು? ಅದಕ್ಕ ಮುಂಜಾನಿ ಎದ್ದಾಕಿನಾ ಹೋಗಿ, ನಿಮ್ಮಪ್ಪನ ಪಡಸಾಲ್ಯಾಗ ಕ್ಯಾಲೆಂಡರ್ ಹಿಂದಿದ್ದ ಜೋಡಿ ಹಿಡಕಂಡು ಬಂದೆ. ನಿಮ್ಮಪ್ಪ ಬೆರಗಾಗಿ ನೋಡಿದ. ‘ಮಗಳು ಆರಾಮದಾಳೇನ್ರಿ?’ ಅಂದ. ‘ಉಂಡು ತಿಂದು ದುಂಡಗಾಗ್ಯಾಳ’ ಅಂದೆ. ಮತ್ತೇನನ್ಲಿ?

ಈಗ ಇವೂ ತಿನ್ನವಲ್ವು. ಹಾಲು ಮೊಸರೆಲ್ಲಾ ಹೊರಗಿಟ್ಟು ಕಪಾಟು ಬಿಟ್ಟುಕೊಟ್ಟೀನಿ. ಅಡಗಾಕ ಒಡದ ಗಡಿಗಿ ಚೂರು, ಗೋಣಿ ತುಂಡು. ಗೋಡಿಗೆ ನೀರು ಚಿಮುಕ್ಸೀನಿ, ನೆಕ್ಕಂಡು ಕುಡೀತಾವ. ಸಿರುಗುಪ್ಪದ ಅಕ್ಕಿ ಚೀಲ ಜರಡಿ ಹಿಡಿದು ಹುಳ ಆರಿಸಿ ಹಾಕೀನಿ, ದೀಪದ ಹುಳ ಬ್ಯಾರೆ. ಮೂಸೂ ನೋಡವಲ್ವು. ಹೊಸಾ ಜಾಗ, ಅಂಜಿಕಿ. ಅದರ ಮುಖಾನಾ ನೋಡ್ಕೋತ ಕುಂದರಬಾರದು, ಮುಟ್ಟಬಾರದು. ಎರಡು ಮೂರು ದಿನಕ್ಕ ತಾವಾ ಹೊರಗ ಬರತಾವ. ಹಸಿವು ಯಾರನ್ನ ಬಿಟ್ಟೈತಿ...

ನಾ ಹಲ್ಲಿ ಬಗ್ಗೇನಾ ಹೇಳಾಕ ಹತ್ತೀನಿ ಬಿಡು.

ಮೂರು ದಿನದ ಹಿಂದ ಮರಿಬಸ ಉಣ್ಣಾಕ ಕುಂತಲ್ಲೇ ಬಿದ್ದನಲ್ಲ, ಅದು ಪಿತ್ತ. ಬಿಸಲಾಗ ತಿರಗಿದ್ದ. ನನ್ನ ಮಗ, ನನಗ ಗೊತ್ತಿಲ್ಲೇನು? ಏನಂದಿ? ಬೀಗದ ಕೈ ಬಗ್ಗೆ ಕೇಳಬೇಕು ಅಂತೀ, ಗೊತ್ತೈತಿ. ಅವ ಬಿದ್ದ ಕೂಡಲೇ ನಡದಾಗಿನ ಕೀಲಿ ಗೊಂಚಲ ತಗದು ಅವನ ಕೈಯಾಗ ಇಟ್ಟೆ, ಅದನ್ನ ನೀ ನೋಡಿದಿ. ಯಾರಿಗಾರ ತಲಿ ತಿರಗಿದ್ರ ಕಬ್ಬಿಣ ಕೊಡೋದಾ. ಎಲ್ಲರೂ ಕೊಡ್ತಾರ.

ನೋಡು ತಾಯಿ, ಈ ಸಂಬಂಧ ನಾವು ಮಾಡಿದ್ದಲ್ಲ, ದೈವ ಮಾಡಿದ್ದು. ಹೆಣ್ಣು ನೋಡಾಕ ಬಂದಾಗ ನಿಮ್ಮಪ್ಪ ಹಿಂದ ಮುಂದ ನೋಡಿದ್ದ. ‘ಹುಡುಗನಿಗೆ ಏನೂ ದೋಷ ಇಲ್ಲಲ್ರೀ?’ ಅಂದ. ನಾ ‘ಇಲ್ಲ’ ಅನ್ನೋದಕ್ಕೂ ಕ್ಯಾಲೆಂಡರ್ ಹಿಂದ ಹಲ್ಲಿ ನುಡಿಯೋದಕ್ಕೂ ಸರೀ ಹೋತು. ನಿಮ್ಮಪ್ಪ ನೆಲಕ್ಕ ಬಟ್ಟು ಬಡಿದು ‘ಶಿವಾ, ಸತ್ಯ’ ಅಂದ. ಅಲ್ಲಿಗೆ ಮುಗೀತು. ನೀ ಬಾಗಲಾ ಹಿಂದ ನಿಂತಿದ್ದಿ, ಕೇಳೀ ಇಲ್ಲೋ? ಹಲ್ಲಿ ನುಡಿ ಸುಳ್ಳಾಗತೈತೇನು?

ತಡಿ, ತಡಿ. ಮಾತಾಡಬ್ಯಾಡ. ಬಾಲ ಇಲ್ಲದ್ದು ಹೊರಗ ಮುಖ ಹಾಕೈತಿ. ಬಾ ನನ್ನಪ್ಪಾ, ತಿನ್ನು... ಲೊಚ್ ಲೊಚ್ ಲೊಚ್... ಹಿಂಗ ಕರದ್ರ ಬರತಾವ, ಸಿರುಗುಪ್ಪದ ನಮ್ಮ ಹಳೇ ಮನಿಗೆ ಸಣ್ಣಾಕಿ ಸೊಸಿಯಾಗಿ ಬಂದಾಗಿಂದ ಕರೀತಿದ್ದೆ. ಲೊಚ್ ಲೊಚ್... ನೋಡು, ನೋಡು, ತಿಂತು! ಶಿವಬಸಮ್ಮ, ತಿಂತು ನೋಡು...

ಹಲ್ಲಿ ಕಡಿ ನೋಡು ಅಂದ್ರ ನನ್ನ ಬಾಯಿ ಯಾಕ ನೋಡಾಕ ಹತ್ತೀ?

ಏನಾತು? ಏನಾರ ಅನ್ನು. ಬೈ ಬೇಕಾದ್ರ... ಹಂಗ ಸುಮ್ಮನ ನೋಡಬ್ಯಾಡ ತಾಯಿ, ನನಗ ಅಂಜಿಕಿ ಆಗತೈತಿ.

ಹೌದು.

ನಾನಾ. ಹೆಣ್ಣು ನೋಡಾಕ ಬಂದಾಗ ಸೆರಗು ಬಾಯಿಗೆ ಅಡ್ಡ ಹಿಡಕಂಡು ಲೊಚಗುಟ್ಟಿದ್ದೆ. ಹಲ್ಲಿ ಅವತ್ತು ಪಿಟಕ್ಕಂದಿಲ್ಲ. ಹನ್ನೆರಡನೇ ವರ್ಷದಿಂದ ಅವಗ ಮೂರ್ಛಿ ಬರತೈತಿ. ಸಿರುಗುಪ್ಪದಾಗ ಊರಿಗೆಲ್ಲಾ ಗೊತ್ತು. ನಾಕು ಕಡಿ ಹೆಣ್ಣು ನೋಡಿದ್ವಿ, ನಾಕೂ ಕಡಿ ಮುರೀತು. ಅದಕ್ಕಾ ಅಲ್ಲಿನ ಮನಿ ಮಾರಿ ಇಲ್ಲಿ, ಯಾರಿಗೂ ಗುರುತಿಲ್ಲದ ಓಣ್ಯಾಗ ಕಟ್ಟಿಸಿದ್ದು. ಅಲ್ಲಿನ ಅಕ್ಕಿ ಮಿಲ್ಲಿನ ಧೂಳು ಆಗಿಬರಲ್ಲ, ಅದಕ್ಕ ಊರು ಬಿಟ್ವಿ ಅಂತ ನಿಮ್ಮಪ್ಪಗ ಹೇಳಿದ್ದೂ ಸುಳ್ಳಾ. ಮಗನ ಆಸಿಗೆ ಬಿದ್ದು ನಿನ್ನ ಬಾಳಿಗೆ ಮೋಸ ಮಾಡಿದೆ, ಅದು ನನ್ನ ತಪ್ಪು. ಮರಿಬಸನ ಮ್ಯಾಲ ಸಿಟ್ಟಾಗಬ್ಯಾಡ. ಹೇಳಿಬಿಡವ್ವಾ, ಹೇಳಿ ಮಾಡ್ಕೋತೀನಿ ಅಂತ ಅವ ಕಾಲು ಹಿಡದಿದ್ದ.

ಟ್ರಂಕಿಗೆ ಸೀರಿ ಮಡಚಿ ಇಟ್ಟೀ ಅಂತ ಗೊತ್ತೈತಿ. ನಾಳಿಗೆ ಬೇಕಂದ್ರ ನಾನಾ ಕರಕೊಂಡು ಹೋಗಿ ಬಿಡತೀನಿ, ನಿಮ್ಮಪ್ಪನ ಮುಂದ ಇದ್ದದ್ದು ಇದ್ದಂಗ ಹೇಳತೀನಿ. ಇರ್ತೀನಿ ಅಂದ್ರ ಇರು. ಆದ್ರ ಒಂದು ಮಾತು ಆಡು ಶಿವಬಸಮ್ಮ. ಅವತ್ತು ನಿನ್ನ ಯಾರೂ ಕೇಳಲಿಲ್ಲ. ಈಗ ನಾ ಕೇಳಾಕ ಹತ್ತೀನಿ, ಈ ಮನ್ಯಾಗ ಇರ್ತೀಯೇನು? ಹೂಂ ಅನ್ನು, ಇಲ್ಲಾ ಉಹೂಂ ಅನ್ನು.